ಓನರಮ್ಮ ಹೇಳಿದ್ದು, ನಾನು ಹೇಳಿದ್ದು

ನಮ್ಮ ಓನರಮ್ಮನ ಹೆಸರು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಮಾರನೆಯ ದಿನ, ಹೂಡಿ ಸರ್ಕಲ್ಲಿನಲ್ಲಿ ಕಟ್ಟಿದ್ದ ಫ್ಲೆಕ್ಸ್ ನೋಡಿ. ಆರು ವರ್ಷ ಅವರ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕರಾರು ಪತ್ರದಲ್ಲಿ ಮಗನ ಹೆಸರಿತ್ತು, ಕರೆಂಟ್ ಬಿಲ್ಲಿನಲ್ಲಿ ಎಂದೋ ಹೋದ ಯಜಮಾನರ ಹೆಸರಿತ್ತು. ಅವರು ಮಾತ್ರ ನಮಗೂ ಬೀದಿಗೂ ಓನರಮ್ಮ. ಫ್ಲೆಕ್ಸಿನಲ್ಲಿ ರೇಷ್ಮೆ ಸೀರೆ, ಎರಡೂ ಕಡೆ ಮೂಗುಬೊಟ್ಟು, ಕಾಸಿನ ಸರ, ಹಿಂದೆ ಯಾವುದೋ ಜಲಪಾತ. ಕೆಳಗೆ ತಂಪು ಕನ್ನಡಕ ಹಾಕಿಕೊಂಡ ಶೋಕತಪ್ತ ಗಂಡಸರ ಸಾಲು. ಅವರಲ್ಲಿ ಅರ್ಧ ಜನ ಓನರಮ್ಮನ ಕೈಲಿ ಬೈಸಿಕೊಂಡವರು. ಆ ಹೆಸರನ್ನು ಇಲ್ಲಿ ಬರೆಯಲು ನನಗೆ ನಾಚಿಕೆ. ಅವರು ಆಡಿದ ನಾಲ್ಕು ಮಾತನ್ನು ಇನ್ನೊಬ್ಬರಿಗೆ ನೆಟ್ಟಗೆ ಮುಟ್ಟಿಸದವಳು ನಾನು. ಹೆಸರು ಹಿಡಿದು ಬರೆಯುವ ಯೋಗ್ಯತೆ ನನಗಿಲ್ಲ.

ಮನೆ ಕೇಳಲು ಹೋದ ದಿನ ಅವರು ಗೇಟಿನ ಬಳಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಯಾವೂರು ಎಂದು ಕೇಳಿದರು, ದಾವಣಗೆರೆ ಎಂದೆ. ಲಿಂಗಾಯತರಾ ಎಂದರು, ಹೌದೆಂದೆ. “ಜನ ಒಳ್ಳೇವ್ರು. ನೀರು ಮಾತ್ರ ಜಾಸ್ತಿ ಸುರೀತೀರ, ಸ್ನಾನ ಪೂಜೆ ಅಂತ” ಎಂದು ಒಂದು ಬೊಗಸೆ ಅವರೆಕಾಳು ನನ್ನ ಕೈಗೆ ಹಾಕಿದರು. ಮನೆ ಕೊಟ್ಟರು ಎಂದು ಅದರಿಂದ ತಿಳಿದುಕೊಳ್ಳಬೇಕಿತ್ತು. ಭಾನುವಾರ ಬೆಳಿಗ್ಗೆ ಮೆಟ್ಟಿಲ ಕೆಳಗಿಂದ ಕೂಗಿ ಹೇಳುತ್ತಿದ್ದರು, ಬಾಗಿಲು ಹಾಕಿಕೊಳ್ಳಿ, ಕೋಳಿ ಹುರಿಯುತ್ತೇವೆ ಎಂದು. ನಮ್ಮ ಮೇಲಿನ ಈ ಗೌರವ ಆರು ವರ್ಷವೂ ತಪ್ಪಲಿಲ್ಲ. ನನ್ನ ಗಂಡ ಒಂದು ದಿನ ಹೊರಗೆ ಬಿರಿಯಾನಿ ತಿಂದು ಬಂದದ್ದನ್ನು ಅವರು ಅಂಗಿಯ ವಾಸನೆಯಲ್ಲೇ ಹಿಡಿದರು, ಆದರೂ ಭಾನುವಾರದ ಕೂಗು ನಿಲ್ಲಿಸಲಿಲ್ಲ.

ನೀರಿನ ವಿಷಯದಲ್ಲಿ ಅವರು ಪೊಲೀಸು. ಆರು ಮನೆಗಳ ಮೋಟರ್ ಸ್ವಿಚ್ಚಿಗೆ ಸ್ವತಃ ಬೀಗ ಹಾಕಿದ್ದರು. ಟ್ಯಾಂಕ್ ತುಂಬಿ ಹೊರಗೆ ಸುರಿದರೆ ಮೂರು ಮಹಡಿ ಹತ್ತಿ ಬಂದು ಪ್ರತಿ ಬಾಗಿಲೂ ಬಡಿಯುವರು. ಯಾರೋ ಹುಡುಗಿ ಅರ್ಧ ಬಕೆಟ್ ನೀರನ್ನು ಮೋರಿಗೆ ಚೆಲ್ಲಿದ್ದಕ್ಕೆ ಅವಳನ್ನು ಕರೆದು, ಅಷ್ಟನ್ನು ಹೊತ್ತು ತರಲು ತಮ್ಮ ಅತ್ತೆ ಎಷ್ಟು ದೂರ ಹೋಗಬೇಕಿತ್ತು ಎಂದು ಅರ್ಧ ಗಂಟೆ ವಿವರಿಸಿದರು. ಆ ಹುಡುಗಿ ತೆಲುಗಿನವಳು. ಓನರಮ್ಮ ಸುಸ್ತಾಗದೆ ಅದನ್ನೇ ತೆಲುಗಿನಲ್ಲಿ ಮೊದಲಿನಿಂದ ಹೇಳಿದರು.

ನನ್ನ ಕೆಲಸವನ್ನು ಯಾರಿಗಾದರೂ ವಿವರಿಸುವುದು ಮೊದಲಿಂದಲೂ ಕಷ್ಟ. ದೊಡ್ಡ ಕಟ್ಟಡಗಳಿಗೆ ಪರಿಸರಸ್ನೇಹಿ ಎಂಬ ಪ್ರಮಾಣಪತ್ರ ಕೊಡುವ ಪದ್ಧತಿಯಿದೆ. ಅದಕ್ಕೊಂದು ದಪ್ಪ ನಿಯಮಾವಳಿ. ಬೆಳಕಿಗೆ ಇಷ್ಟು ಅಂಕ, ನೀರಿಗೆ ಇಷ್ಟು ಅಂಕ, ಮರ ಉಳಿಸಿದರೆ ಇಷ್ಟು. ಅದರಲ್ಲೊಂದು ಅಧ್ಯಾಯ ಪ್ರಕೃತಿಯಿಂದ ಕಲಿತ ವಿನ್ಯಾಸಕ್ಕೆ ಮೀಸಲು: ಹುತ್ತದಂತೆ ಉಸಿರಾಡುವ ಗೋಡೆ, ಎಲೆಯಂತೆ ನೆರಳು ಕೊಡುವ ಜಾಲರಿ, ಇಂಥವು. ನಕ್ಷೆ, ಫೋಟೊ, ಪರೀಕ್ಷೆಯ ವರದಿ ಎಲ್ಲ ಜೋಡಿಸಿ, ಈ ಕಟ್ಟಡ ಯಾಕೆ ಒಳ್ಳೆಯದು ಎಂದು ಬರೆದುಕೊಡುವ ಕಂಪನಿ ನಮ್ಮದು. ಹತ್ತು ವರ್ಷದಿಂದ ಅದನ್ನೇ ಬರೆಯುತ್ತಿದ್ದೇನೆ. ಇಷ್ಟನ್ನೂ ಓನರಮ್ಮನಿಗೆ ಹೇಳಿದಾಗ ಅವರು ಎಲೆ ಅಡಿಕೆ ಜಗಿಯುತ್ತ ಕೇಳಿ, “ಅಂಗಾರೆ ಕಟ್ಟಡಕ್ಕೆ ಜಾತ್ಕ ಬರಿಯೋ ಕೆಲ್ಸ ಅನ್ನು” ಎಂದರು. ಜಾತಕ ಬರೆಯುವವನು ಹೆಣ್ಣಿನಲ್ಲಿ ಐಬಿದೆ ಎಂದು ಬರೆದದ್ದನ್ನು ತಾನು ಈವರೆಗೆ ಕಂಡಿಲ್ಲ, ಮದುವೆಯಾಗಬೇಕಲ್ಲ ಎಂದೂ ಸೇರಿಸಿದರು. ನಾನು ನಕ್ಕೆ. ನನ್ನ ಕೆಲಸವನ್ನು ಇಷ್ಟು ಕರಾರುವಾಕ್ಕಾಗಿ ನನ್ನ ಮ್ಯಾನೇಜರೂ ಹೇಳಿರಲಿಲ್ಲ.

ಮನೆಗೆ ಬಂದು ಮೂರು ವರ್ಷವಾದ ಮೇಲೆ ನಮ್ಮ ಕಂಪನಿಗೆ ಹತ್ತಿರದ ಟೆಕ್ ಪಾರ್ಕೊಂದರ ಕೆಲಸ ಸಿಕ್ಕಿತು. ಮೊದಲ ದಿನ ಕ್ಯಾಂಪಸ್ ಸುತ್ತುವಾಗ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ನೀಲಿ ಟೋಪಿ, ಕೈಯಲ್ಲಿ ಕುಡುಗೋಲು ಹಿಡಿದ ಹೆಂಗಸೊಬ್ಬರು ಎದುರಾದರು. ನೋಡಿದರೆ ಓನರಮ್ಮ. ನಾನು ಬಾಯಿ ತೆರೆಯುವ ಮೊದಲೇ ಅವರು “ನಮಸ್ಕಾರ ಮೇಡಂ” ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮುಖದಲ್ಲಿ ಗುರುತಿನ ಸುಳಿವೇ ಇಲ್ಲ. ಸಂಜೆ ಗೇಟಿನಲ್ಲಿ ಅದನ್ನು ಕೇಳಿದಾಗ ಅವರ ಉತ್ತರ ಸಿದ್ಧವಾಗಿತ್ತು. “ಅಲ್ಲಿ ನೀನು ಮೇಡಂ, ಇಲ್ಲಿ ನೀನು ಬಾಡ್ಗೆ. ಎರಡೂ ಕಲಸಬ್ಯಾಡ ಕಣವ್ವ.”

ಆರು ಮನೆ ಬಾಡಿಗೆ ಬರುವ ಹೆಂಗಸು ಗುತ್ತಿಗೆದಾರನ ಕೈಕೆಳಗೆ ತೋಟದ ಕೆಲಸಕ್ಕೆ ಯಾಕೆ ಹೋಗಬೇಕು? ಬೀದಿಗೆಲ್ಲ ಇದೇ ಪ್ರಶ್ನೆ. ಬಾಡಿಗೆ ತಿಂದುಕೊಂಡು ಕುಳಿತರೆ ಮೊಣಕಾಲು ಹಿಡಿದುಕೊಳ್ಳುತ್ತದೆ ಎನ್ನುವುದು ಅವರ ಸಮಾಧಾನ. ಮಗನಿಗೆ ಮಾತ್ರ ಇದು ದೊಡ್ಡ ಅವಮಾನ. ಅವನು ಜಮೀನು ಕೊಡಿಸುವ, ಪಾರ್ಟಿ ಮುಖಂಡರ ಹಿಂದೆ ಓಡಾಡುವ ಮನುಷ್ಯ. ತಾಯಿ ಟೋಪಿ ಹಾಕಿಕೊಂಡು ಕಳೆ ಕೀಳುವುದನ್ನು ತನ್ನ ಕಡೆಯವರು ನೋಡಿಬಿಟ್ಟರೆ ಎಂಬ ಭಯ. ಅದಕ್ಕೇ ಓನರಮ್ಮ ಸರ್ಕಲ್ ಬಿಟ್ಟು ಹಿಂದಿನ ಓಣಿಯಿಂದ ಕೆಲಸಕ್ಕೆ ಹೋಗುತ್ತಿದ್ದರು. ಅಂಗಿ ಟೋಪಿಗಳನ್ನು ನಮ್ಮ ಮೆಟ್ಟಿಲ ಕೆಳಗೆ ಮೋಟರ್ ಸ್ವಿಚ್ಚಿನ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು. ಮಗನ ಮಾನವನ್ನು ಹೀಗೆ ದಿನವೂ ಕಾಪಾಡುತ್ತಿದ್ದರು. ಅವನು ಹೇಳಿದಂತೆ ಕೆಲಸ ಬಿಡಲು ಮಾತ್ರ ಒಪ್ಪಲಿಲ್ಲ.

ಆ ಕ್ಯಾಂಪಸ್ಸಿನ ಒಂದು ಭಾಗ ಅವರದೇ ಹೊಲವಾಗಿತ್ತು. ಬೇಸ್‌ಮೆಂಟಿನ ಎರಡನೇ ಅಂತಸ್ತಿನಲ್ಲಿ, ಕಾರುಗಳ ಮಧ್ಯೆ, ಒಂದು ಕಂಬ ತೋರಿಸಿ, ಇಲ್ಲಿಗೆ ಸರಿಯಾಗಿ ಮೇಲೆ ನಮ್ಮ ಸೌತೆಕಾಯಿ ಬಳ್ಳಿ ಇತ್ತು ಮೇಡಂ ಎಂದರು ಒಮ್ಮೆ. ನಾನು ಸ್ವಲ್ಪ ಭಾವುಕಳಾಗಿ ಏನೋ ಹೇಳಹೋದೆ. ಅವರು ಕೈ ಅಡ್ಡ ಹಿಡಿದರು. ಮಾರಿದ್ದಾಯಿತು, ಮನೆ ಕಟ್ಟಿದ್ದಾಯಿತು, ಅಳುವುದು ಯಾಕೆ ಎಂದರು. ಹಳೆಯದನ್ನು ನೆನೆದು ಕೊರಗುವ ಜನರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹಳೆಯದರಲ್ಲಿ ಈಗ ಉಪಯೋಗಕ್ಕೆ ಬರುವುದೇನಾದರೂ ಇದ್ದರೆ ಹೇಳುವರು, ಇಲ್ಲದಿದ್ದರೆ ಸುಮ್ಮನಿರುವರು.

ಉಪಯೋಗಕ್ಕೆ ಬರುವಂಥದ್ದು ಅವರ ಬಳಿ ಬೇಕಾದಷ್ಟಿತ್ತು. ಕ್ಯಾಂಪಸ್ಸಿನ ಹೆಮ್ಮೆ ಅಲ್ಲಿನ ಜೊಂಡಿನ ಮಡು. ಕೆರೆಯ ಅಂಚಿನಲ್ಲಿ ಜೊಂಡುಹುಲ್ಲು ಬೆಳೆದು ಅದರ ಬೇರುಗಳು ನೀರನ್ನು ತಿಳಿಮಾಡುವುದನ್ನು ನೋಡಿ, ಹಾಗೆಯೇ ಮೂರು ಮೆಟ್ಟಿಲ ತೊಟ್ಟಿ ಕಟ್ಟಿ, ಜಲ್ಲಿ ತುಂಬಿ, ಜೊಂಡು ನೆಟ್ಟಿದ್ದರು. ಕಟ್ಟಡದ ಕೊಳಚೆ ನೀರು ಮೊದಲು ಯಂತ್ರದಲ್ಲಿ ಅರ್ಧ ಶುದ್ಧವಾಗಿ, ಆಮೇಲೆ ಈ ಮಡುವಿನಲ್ಲಿ ಹರಿದು, ಕ್ಯಾಂಟೀನಿನ ಪಕ್ಕದ ಪುಟ್ಟ ಕೊಳಕ್ಕೆ ಸೇರಬೇಕು. ಅಲ್ಲಿಂದ ತೋಟಕ್ಕೆ. ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಕೊಳಕ್ಕೆ ಮೀನು ಬಿಟ್ಟರು, ಕೊಕ್ಕರೆ ಬಂತು, ಕೊಕ್ಕರೆಯ ಫೋಟೊ ನನ್ನ ವರದಿಯ ಮುಖಪುಟಕ್ಕೆ ಬಂತು. ಮಡುವಿನ ಉಸ್ತುವಾರಿ ಓನರಮ್ಮನದು. ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ಇಳಿದು ಕಸ ತೆಗೆಯುತ್ತಿದ್ದರು. ಗುತ್ತಿಗೆದಾರ ಕೊಟ್ಟ ಬೂಟು ಗಂಡಸರ ಅಳತೆಯದು. ಹಾಕಿಕೊಂಡು ಎರಡು ಸಲ ಜಾರಿ ಬಿದ್ದ ಮೇಲೆ ಅದನ್ನು ಮೂಲೆಗಿಟ್ಟರು.

ಒಂದು ಸಂಜೆ ಅವರು ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ಊರ ಕೆರೆ ಬೇಸಿಗೆಯಲ್ಲಿ ಇಳಿದಾಗ ಜೊಂಡನ್ನು ಬುಡಕ್ಕೆ ಕೊಯ್ದು ಚಾಪೆಗೆ, ಕೊಟ್ಟಿಗೆಯ ಸೂರಿಗೆ ಒಯ್ಯುತ್ತಿದ್ದರಂತೆ. ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ತಿಂಗಳೊಪ್ಪತ್ತು ಕೆರೆಯ ನೆಲ ಬಿರುಕು ಬಿಟ್ಟು ಬಿದ್ದಿರುತ್ತಿತ್ತು. ಮಳೆ ಬಂದಾಗ ಹೊಸ ಜೊಂಡು ಏಳುತ್ತಿತ್ತು, ನೀರೂ ತಿಳಿಯಾಗಿರುತ್ತಿತ್ತು. “ಕೆರೆ ಅಂದ್ರೆ ಬರೀ ನೀರಲ್ಲ ಕಣವ್ವ. ಅದಕ್ಕೂ ಒಂದು ಬೇಸ್ಗೆ ಬೇಕು. ಒಣಗಿ ಬಾಯ್ ಬುಟ್ರೇನೆ ಅದಕ್ಕೆ ಉಸ್ರು. ನೀವು ವರ್ಸವೆಲ್ಲ ನೀರು ಆಯ್ಸಿ, ಜೊಂಡು ಕುಯ್ಯದೆ ಬುಟ್ರೆ ಅದು ಅಲ್ಲೇ ಕೊಳೀತದೆ” ಎಂದರು. ಎರಡು ಮಡು ಮಾಡಿ, ಒಂದು ದುಡಿಯುವಾಗ ಇನ್ನೊಂದು ಒಣಗಲಿ ಎನ್ನುವುದು ಅವರ ಪರಿಹಾರ.

ಅವರು ಹೇಳಿದ್ದು ಅಕ್ಷರಶಃ ಸರಿ ಎಂದು ನನಗೆ ಗೊತ್ತಿತ್ತು. ಮೊದಲ ನಕ್ಷೆಯಲ್ಲಿ ಎರಡು ಮಡುಗಳೇ ಇದ್ದವು. ಆಮೇಲೆ ಅದೇ ನಿಯಮಾವಳಿಯಲ್ಲಿ, ಪ್ರಕೃತಿಯ ಮಡಿಲಲ್ಲಿ ಮನಸ್ಸಿಗೆ ವಿಶ್ರಾಂತಿ ನೀಡುವ ಜಾಗಕ್ಕೂ ಅಂಕವಿದೆ ಎಂದು ಯಾರೋ ಕಂಡುಹಿಡಿದರು. ಎರಡನೆಯ ಮಡುವಿನ ಜಾಗದಲ್ಲಿ ಯೋಗಕ್ಕೆಂದು ಮರದ ಹಲಗೆಯ ಕಟ್ಟೆ ಬಂತು. ಹೀಗೆ ಮನುಷ್ಯರ ವಿಶ್ರಾಂತಿಗಾಗಿ ಮಡುವಿನ ವಿಶ್ರಾಂತಿ ಹೋಯಿತು. ಕಟ್ಟೆಯ ಮೇಲೆ ಯಾರಾದರೂ ಯೋಗ ಮಾಡಿದ್ದನ್ನು ನಾನು ಕಂಡಿಲ್ಲ. ಜನ ಅಲ್ಲಿ ಕುಳಿತು ಫೋನಿನಲ್ಲಿ ಜಗಳವಾಡುತ್ತಿದ್ದರು. ಮಡುವಿಗೆ ಬಿಡುವು ಬೇಕು ಎಂಬ ಒಂದು ಪ್ಯಾರಾವನ್ನು ನಾನು ವರದಿಯ ಮೊದಲ ಕರಡಿನಲ್ಲಿ ಬರೆದಿದ್ದೆ. ಕಟ್ಟೆ ಬಂದ ಮೇಲೆ ಅದನ್ನು ನಾನೇ ತೆಗೆದೆ. ಇನ್ನು ತೋಟದ ಗುತ್ತಿಗೆಯಲ್ಲಿ ಮಡು ವರ್ಷವಿಡೀ ಹಸಿರಾಗಿ ಕಾಣಬೇಕು ಎಂಬ ಷರತ್ತಿತ್ತು. ಓನರಮ್ಮ ಒಂದು ಮೂಲೆಯ ಜೊಂಡು ಕೊಯ್ದಿದ್ದಕ್ಕೆ ಸೂಪರ್‌ವೈಸರ್ ಎಲ್ಲರ ಮುಂದೆ ಕೂಗಾಡಿದ. ಆ ದಿನ ನಾನು ಕ್ಯಾಂಟೀನಿನ ಕಿಟಕಿಯಿಂದ ನೋಡುತ್ತಿದ್ದೆ. ಇಳಿದು ಹೋಗಲಿಲ್ಲ.

ಎರಡನೆಯ ವರ್ಷದ ಹೊತ್ತಿಗೆ ಅವರು ಹೇಳಿದಂತೆಯೇ ಆಯಿತು. ಜೊಂಡಿನ ಬುಡ ಕೊಳೆತು ಜಲ್ಲಿ ಕಟ್ಟಿಕೊಂಡಿತು. ನೀರು ಮೇಲೆ ನಿಂತು ನಾರತೊಡಗಿತು. ಕ್ಯಾಂಟೀನಿನ ಕಿಟಕಿಗಳನ್ನು ಮುಚ್ಚಿದರು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಓನರಮ್ಮ ಮತ್ತು ಇನ್ನಿಬ್ಬರು ಹೆಂಗಸರು ಅದೇ ನೀರಿನಲ್ಲಿ ದಿನವೂ ಇಳಿಯುತ್ತಿದ್ದರು. ಸಂಜೆ ಮನೆಯಲ್ಲಿ ಅವರು ಕಾಲಿಗೆ ಕೊಬ್ಬರಿ ಎಣ್ಣೆ ಅರಿಶಿನ ಹಚ್ಚುವುದನ್ನು ನೋಡಿ ಏನಾಯಿತು ಎಂದು ಕೇಳಿದೆ. ನವೆ ಎಂದಷ್ಟೇ ಹೇಳಿದರು. ಅವರಿಗೆ ಸಕ್ಕರೆ ಕಾಯಿಲೆ ಇದೆ ಎನ್ನುವುದು ನನಗೆ ಆಗಲೇ ಗೊತ್ತಿತ್ತು. ನಮ್ಮ ಮನೆಯ ಸಿಹಿಯನ್ನು ಕಟ್ಟಿಸಿಕೊಂಡು ಹೋಗಿ ಸೊಸೆಗೆ ಕೊಡುತ್ತಿದ್ದರು.

ಪ್ರಮಾಣಪತ್ರದ ಪರಿಶೀಲನೆಗೆ ಉತ್ತರದ ಕಡೆಯಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಹಿಂದಿನ ದಿನ ಮಡುವಿನ ಕೊಳೆತ ಜೊಂಡನ್ನೆಲ್ಲ ಕೀಳಿಸಿದರು, ನರ್ಸರಿಯಿಂದ ಕುಂಡದ ಜೊಂಡು ತರಿಸಿ ಜಲ್ಲಿಯಲ್ಲಿ ಹುಗಿಸಿದರು, ಹಳೆಯ ನೀರು ಹೊರಗೆ ಬಿಟ್ಟು ಟ್ಯಾಂಕರ್ ನೀರು ತುಂಬಿಸಿದರು. ಈ ಕೆಲಸವನ್ನೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ಮಡುವಿನೊಳಗೆ ನಿಂತು ಮಾಡಿದವರು ಓನರಮ್ಮನೇ. ನನಗೆ ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಕೆಲಸದಲ್ಲಿ ಪರಿಶೀಲನೆಯ ಹಿಂದಿನ ದಿನ ಯಾರೂ ಯಾರನ್ನೂ ಕೇಳುವುದಿಲ್ಲ.

ಬಂದ ಅಧಿಕಾರಿ ಒಳ್ಳೆಯ ಮನುಷ್ಯ, ಹಿರಿಯರು, ಅವಸರವಿಲ್ಲದವರು. ನೀರನ್ನು ಬಗ್ಗಿ ನೋಡಿದರು. ಆಮೇಲೆ, ಇಲ್ಲಿ ದಿನವೂ ಕೆಲಸ ಮಾಡುವವರ ಜೊತೆ ಮಾತಾಡಬೇಕು ಎಂದರು. ಓನರಮ್ಮನನ್ನು ಕರೆದರು. ಅಧಿಕಾರಿಗೆ ಕನ್ನಡ ಬಾರದು, ಓನರಮ್ಮನಿಗೆ ಇಂಗ್ಲಿಷು ಹಿಂದಿ ಬಾರದು. ನನ್ನ ಮ್ಯಾನೇಜರ್ ಬಂಗಾಳಿ, ಕ್ಯಾಂಪಸ್ಸಿನ ಮ್ಯಾನೇಜರ್ ಮಲಯಾಳಿ. ಅಲ್ಲಿದ್ದವರಲ್ಲಿ ಎರಡೂ ಕಡೆಯ ಮಾತು ಬಲ್ಲವಳು ನಾನೊಬ್ಬಳು. ಈ ನೀರು ಯಾವಾಗಲೂ ಹೀಗೇ ಇರುತ್ತದೆಯೇ, ಇಲ್ಲಿ ಕೆಲಸ ಮಾಡಲು ನಿಮಗೆ ಹೇಗನ್ನಿಸುತ್ತದೆ ಎಂದು ಕೇಳಿ ಎಂದರು ಅಧಿಕಾರಿ. ನಾನು ಕೇಳಿದೆ. ಪ್ರಶ್ನೆಯನ್ನು ಸರಿಯಾಗಿಯೇ ಕೇಳಿದೆ.

ಓನರಮ್ಮ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅಧಿಕಾರಿಯ ಮುಖ ನೋಡಿಕೊಂಡೇ, ನಿಧಾನವಾಗಿ, ನನಗೆ ಅನುಕೂಲವಾಗಲಿ ಎಂದು ನಿಲ್ಲಿಸಿ ನಿಲ್ಲಿಸಿ ಹೇಳಿದರು. “ಇದು ಟ್ಯಾಂಕರ್ ನೀರು ಸಾಮಿ, ನೆನ್ನೆ ಬುಟ್ಟಿದ್ದು. ದಿನಾ ಇರೋ ನೀರು ನಾತ ಒಡೀತದೆ. ಮೀನೆಲ್ಲ ಸತ್ತೋದ್ವು. ನಮ್ಮ ಕಾಲೆಲ್ಲ ನವೆ. ಒಂದು ತಿಂಗ್ಳು ಒಣಗಾಕಿ ಅಂತ ಏಳಿದ್ರೆ ಯಾರೂ ಕೇಳಾಕಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಏಳವ್ವ ಇದ್ನ ಅವರ್ಗೆ” ಎಂದರು. ಕ್ಯಾಂಪಸ್ಸಿನಲ್ಲಿ ಅವರು ಮೇಡಂ ಎನ್ನುವುದನ್ನು ಮರೆತು ಅವ್ವ ಎಂದದ್ದು ಅದೊಂದೇ ಸಲ.

ನಾನು ಏನು ಹೇಳಿದೆ ಎಂಬುದನ್ನು ಈವರೆಗೆ ನನ್ನ ಗಂಡನಿಗೂ ಹೇಳಿಲ್ಲ. ಈ ಅಮ್ಮ ಇದೇ ಊರಿನವರು, ಈ ಮಡುವನ್ನು ನೋಡಿದರೆ ಅವರಿಗೆ ತಮ್ಮ ಊರ ಕೆರೆ ನೆನಪಾಗುತ್ತದಂತೆ ಎಂದೆ. ನೀರು ಯಾವಾಗಲೂ ಹೀಗೇ ಇರುತ್ತದೆ ಎಂದೆ. ಅಧಿಕಾರಿ ಹುಬ್ಬೇರಿಸಿ, ಅವರು ಟ್ಯಾಂಕರ್ ಎಂದ ಹಾಗಿತ್ತಲ್ಲ ಎಂದರು. ಅಲ್ಲೊಂದು ಕ್ಷಣ ನನಗೆ ಬಾಗಿಲು ತೆರೆದಿತ್ತು. ನಾನು ತಡವರಿಸಲೂ ಇಲ್ಲ. ಮೊದಲು ತೋಟಕ್ಕೆ ಟ್ಯಾಂಕರ್ ನೀರು ತರಿಸಬೇಕಿತ್ತಂತೆ, ಈಗ ಈ ನೀರೇ ಸಾಕಾಗುತ್ತದಂತೆ ಎಂದೆ. ಅಧಿಕಾರಿಯ ಮುಖ ಅರಳಿತು. ನಗುತ್ತ ಏನೋ ಬರೆದುಕೊಂಡು, ಓನರಮ್ಮನಿಗೆ ಕೈ ಮುಗಿದರು. ಅವರೂ ಮುಗಿದರು.

ಹಾಗೆ ಹೇಳು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೆದರಿಸಿಯೂ ಇರಲಿಲ್ಲ. ನಿಜ ಹೇಳಿದ್ದರೆ ಕೆಲಸ ಹೋಗುತ್ತಿತ್ತೇ ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ, ಬಹುಶಃ ಹೋಗುತ್ತಿರಲಿಲ್ಲ. ಕೆಲವು ಅಂಕ ಹೋಗುತ್ತಿತ್ತು, ಮಡುವಿನ ದುರಸ್ತಿಗೆ ಒಂದು ಷರತ್ತು ಬೀಳುತ್ತಿತ್ತು. ಓನರಮ್ಮನಿಗೆ ಬೇಕಿದ್ದದ್ದೂ ಅದೇ. ಹತ್ತು ವರ್ಷ ಒಳ್ಳೆಯದನ್ನೇ ಬರೆದು ನನ್ನ ನಾಲಿಗೆಗೆ ಬೇರೆ ದಾರಿ ತಿಳಿಯಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಕಳ್ಳನಿಗೊಂದು ಪಿಳ್ಳೆ ನೆವ.

ಸಂಜೆ ನಾನು ಬಂದಾಗ ಅವರು ಮೆಟ್ಟಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ನಾನು ಚಪ್ಪಲಿಯ ಕಡೆ ನೋಡುತ್ತ ದಾಟಿ ಹೋಗಲು ಹವಣಿಸಿದೆ. ಅವರು ತಲೆ ಎತ್ತದೆ ಕೇಳಿದರು.

“ಮೀನು ಸತ್ತೋದ್ವು ಅಂತ ನಾನಂದ್ರೆ ಆವಯ್ಯ ಯಾಕವ್ವ ನಕ್ಕ?”

ಅಲ್ಲಿಯಾದರೂ ಕುಳಿತು, ತಪ್ಪಾಯಿತು ಓನರಮ್ಮ ಎಂದಿದ್ದರೆ ಅವರು ಬೈದು, ಎರಡು ದಿನ ಮುಖ ತಿರುಗಿಸಿಕೊಂಡಿದ್ದು, ಮೂರನೆಯ ದಿನ ಮಾತಾಡಿಸುತ್ತಿದ್ದರು. ನಾನು ಬೇರೆಯದನ್ನು ಹೇಳಿದೆ. “ನೀವು ನೇರವಾಗಿ ಮಾತಾಡಿದ್ರಲ್ಲ, ಅದಕ್ಕೆ ಖುಷಿಯಾಯ್ತು ಅವ್ರಿಗೆ. ಎಲ್ಲ ಬರ್ಕೊಂಡಿದ್ದಾರೆ. ಸರಿ ಮಾಡಿಸ್ತಾರಂತೆ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಅಂಗಾ” ಎಂದರು. ಆಮೇಲೆ ಬಿಡಿಸಿದ ಸೊಪ್ಪಿನಲ್ಲಿ ಅರ್ಧವನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟರು. ಅಂದು ರಾತ್ರಿ ಅದನ್ನೇ ಬಸ್ಸಾರು ಮಾಡಿದೆ. ಮನೆಯವರೆಲ್ಲ ಚೆನ್ನಾಗಿದೆ ಎಂದರು.

ಪ್ರಮಾಣಪತ್ರ ಬಂತು, ಅತ್ಯುನ್ನತ ದರ್ಜೆಯದೇ. ಲಾಬಿಯಲ್ಲಿ ಗಾಜಿನ ಫಲಕ ಹಾಕಿದರು, ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಪರಿಶೀಲಕರ ಟಿಪ್ಪಣಿಯಲ್ಲಿ, ಸ್ಥಳೀಯ ಸಿಬ್ಬಂದಿಯೊಬ್ಬರಿಗೆ ಈ ವಿನ್ಯಾಸದೊಂದಿಗೆ ಇರುವ ಭಾವನಾತ್ಮಕ ನಂಟು ಮೆಚ್ಚತಕ್ಕದ್ದು ಎಂಬ ಒಂದು ಸಾಲಿತ್ತು. ನನ್ನ ಮ್ಯಾನೇಜರ್ ಅದನ್ನು ಗಟ್ಟಿಯಾಗಿ ಓದಿ ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದರು. ಮಡು ಎರಡೇ ವಾರದಲ್ಲಿ ಮೊದಲಿನಂತಾಯಿತು. ಕುಂಡದ ಜೊಂಡು ಹಳದಿಯಾಯಿತು. ನಮ್ಮ ಕಂಪನಿಯ ಕೆಲಸ ಅಲ್ಲಿಗೆ ಮುಗಿದಿತ್ತು, ನನ್ನನ್ನು ಬೊಮ್ಮಸಂದ್ರದ ಔಷಧ ಕಾರ್ಖಾನೆಯೊಂದಕ್ಕೆ ಹಾಕಿದರು. ಆ ಕ್ಯಾಂಪಸ್ಸಿನ ಕಡೆ ಹೋಗುವ ಅಗತ್ಯ ಬೀಳಲಿಲ್ಲ ಎಂದು ಮನಸ್ಸಿನಲ್ಲೇ ಸಂತೋಷಪಟ್ಟೆ.

ಆದರೆ ಮೆಟ್ಟಿಲು ಮಾತ್ರ ದಿನವೂ ಹತ್ತಬೇಕಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಓನರಮ್ಮನ ಬಲಗಾಲಿನ ಬೆರಳಿಗೆ ಹಳೆಯ ಸೀರೆಯ ಬಟ್ಟೆ ಸುತ್ತಿರುವುದು ಕಂಡಿತು. ಎರಡು ವಾರವಾದರೂ ಬಟ್ಟೆ ಬಿಚ್ಚಲಿಲ್ಲ. ಸ್ವಲ್ಪ ದಿನ ರಜೆ ಹಾಕಿ ಎಂದೆ. ಜೊಂಡು ನೋಡುವವರು ಯಾರು ಎಂದು ಮಾತು ಹಾರಿಸಿದರು. ಮಗ ದಿನವೂ ಜಗಳವಾಡುತ್ತಿದ್ದ. ಈ ಸಲದ ಜಗಳದಲ್ಲಿ ಅವಮಾನದ ಮಾತಿರಲಿಲ್ಲ, ತಾಯಿಯ ಕಾಲಿನ ಮಾತಷ್ಟೇ ಇತ್ತು. ಆದರೂ ಅವರು ಬೆಳಿಗ್ಗೆ ಮೊಳೆಯಿಂದ ಅಂಗಿ ತೆಗೆದುಕೊಂಡು, ಹಿಂದಿನ ಓಣಿಯಲ್ಲಿ ಕುಂಟುತ್ತ ಹೋಗುತ್ತಿದ್ದರು. ಇಷ್ಟು ವಿವೇಕದ ಹೆಂಗಸು ಇದೊಂದರಲ್ಲಿ ಯಾಕೆ ಹೀಗೆ ಹಟ ಹಿಡಿದಿದ್ದಾರೆ ಎಂದು ನನಗೆ ಅರ್ಥವಾಗಲಿಲ್ಲ.

ಜ್ವರ ಬಂದ ದಿನ ಮಗ ಊರಿನಲ್ಲಿದ್ದ, ನಾನು ಮನೆಯಲ್ಲಿದ್ದೆ. ಇಬ್ಬರೂ ಸೇರಿ ವೈಟ್‌ಫೀಲ್ಡಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಚಿಕ್ಕ ವಯಸ್ಸಿನವರು, ಹೊರರಾಜ್ಯದವರು. ಗಾಯ ಹೇಗಾಯಿತು, ಕೊಳಕು ನೀರಿನಲ್ಲಿ ಏನಾದರೂ ನಿಂತಿದ್ದರೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗ ತಕ್ಷಣ, ಇಲ್ಲ ಇಲ್ಲ, ಮನೆಯ ತುಳಸಿ ಕಟ್ಟೆ ಹತ್ತಿರ ಮುಳ್ಳು ಚುಚ್ಚಿತು ಎಂದ. ತಾಯಿ ಕೊಳಚೆಯಲ್ಲಿ ಇಳಿಯುತ್ತಾರೆಂದು ಆ ಜಾಗದಲ್ಲಿ ಹೇಳಲು ಅವನ ಬಾಯಿಗೆ ಆಗಲಿಲ್ಲ. ಮಂಚದ ಮೇಲಿದ್ದ ಓನರಮ್ಮನಿಗೆ ಮಾತು ತಿಳಿಯದಿದ್ದರೂ ಅವನು ಬೆರಳಲ್ಲಿ ಮುಳ್ಳು ಚುಚ್ಚಿದ ಹಾಗೆ ಮಾಡಿ ತೋರಿಸಿದ್ದು ಕಂಡಿತು. ಅವರು ನನ್ನ ಕಡೆ ನೋಡಿದರು. ನಾನು ಹೇಳಬಹುದಿತ್ತು. ಹೇಳಿದ್ದರೆ ಔಷಧಿಯೇನಾದರೂ ಬದಲಾಗುತ್ತಿತ್ತೋ, ನನಗೆ ತಿಳಿಯದು. ಮಗನೇ ಹೇಳಿದ ಮೇಲೆ ನಡುವೆ ನಾನ್ಯಾರು ಎಂದುಕೊಂಡು ಅವರ ಬ್ಯಾಗನ್ನು ಎದೆಗವಚಿ ಹಿಡಿದು ನಿಂತೆ.

ಮೊದಲು ಬೆರಳು ತೆಗೆದರು, ಆಮೇಲೆ ಪಾದ. ನಂಜು ರಕ್ತಕ್ಕೆ ಏರಿತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗಾಗುತ್ತದೆ ಎಂದರು ಡಾಕ್ಟರ್. ಎಲ್ಲರೂ ಅದನ್ನೇ ನಂಬಿದರು. ಅದು ಸುಳ್ಳೂ ಅಲ್ಲ. ಎಷ್ಟೋ ದಿನ ನಾನೂ ಅದನ್ನೇ ಹಿಡಿದುಕೊಂಡಿದ್ದೆ.

ಅವರು ತೀರಿಕೊಂಡ ಹನ್ನೊಂದನೆಯ ದಿನ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿ ಊಟ ಇಟ್ಟಿದ್ದರು. ನಮಗೆಂದು ಮನೆಯೊಳಗೆ ಎಲೆ ಹಾಕಿ, ಸೊಸೆಯೇ ಬಡಿಸಿದಳು. ಮಿತಭಾಷಿ ಹುಡುಗಿ, ಅತ್ತೆಯ ನೆರಳಿನಂತೆ ಇದ್ದವಳು. ನನ್ನ ಗಂಡ ಉಂಡು ಎದ್ದ ಮೇಲೆ ಅವಳು ಪಾಯಸದ ಪಾತ್ರೆ ಹಿಡಿದು ನನ್ನ ಪಕ್ಕದಲ್ಲಿ ಕುಳಿತಳು. ಕಾಲಿನ ವಿಷಯ ಎತ್ತಿದಳು. ಗಂಡ ತಾಯಿಯ ಕಾಲಿಗೆ ಬಿದ್ದು ಕೆಲಸ ಬಿಡಿ ಎಂದು ಬೇಡಿಕೊಂಡನಂತೆ. ತಾನೂ ಎರಡು ದಿನ ಊಟ ಬಿಟ್ಟಳಂತೆ.

“ಅತ್ತೆ ಕೇಳ್ಲೇ ಇಲ್ಲ ಅಕ್ಕ” ಎಂದಳು. “ಮೇಲ್ಗಡೆ ಮನೆ ಮೇಡಮ್ಮು ದೊಡ್ಡೋರ ಮುಂದೆ ನನ್ನ ಮಾತು ಏಳವ್ಳೆ, ಸರಿ ಮಾಡ್ತೀವಿ ಅಂತ ಅವ್ರು ಬರ್ಕಂಡೋಗವ್ರೆ, ನೋಡಕ್ಕೆ ವಾಪಸ್ ಬಂದಾಗ ನಾನು ಅಲ್ಲಿರ್ಲಿಲ್ಲ ಅಂದ್ರೆ ಆವಮ್ಮನ ಮಾತು ಸುಳ್ಳಾಗ್ತದೆ ಅನ್ನೋರು. ನಮಗೋಸ್ಕರ ಅಷ್ಟು ಮಾಡವ್ಳೆ, ಅವ್ಳನ್ನ ಕೈ ಬುಡಬಾರ್ದು ಅನ್ನೋರು.”

ಅವಳ ಧ್ವನಿಯಲ್ಲಿ ಆಪಾದನೆ ಏನೂ ಇರಲಿಲ್ಲ. ಅತ್ತೆಯ ಕೊನೆಯ ಹಟಕ್ಕೆ ಒಂದು ಅರ್ಥವಿತ್ತು ಎಂದು ತಿಳಿದರೆ ಸಾಕಾಗಿತ್ತು ಅವಳಿಗೆ. ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ನೀವು ಹೇಳಿದ್ರಿ ಅಲ್ವಾ ಅಕ್ಕ, ಅತ್ತೆ ಮಾತು ಅವ್ರಿಗೆ?”

“ಹೇಳಿದ್ದೆ” ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅಷ್ಟಾದರೂ ಆಯಿತಲ್ಲ ಎಂದು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. ಎಲೆಯಲ್ಲಿ ಬಿಡಬಾರದೆಂದು ಅಷ್ಟನ್ನೂ ಉಂಡೆ.